"ಕೈ ಕಟ್ಟು, ಬಾಯಿ ಮುಚ್ಚು": ಗ್ರಂಥಾಲಯದಲ್ಲಿ ಕಥೆ ಕೇಳುವ ಮಕ್ಕಳಿಗೆ ಈ ನಿಯಮ ಬೇಕೇ?

ಬೇಸಿಗೆ ರಜೆ ಬಂದರೆ, ಇಲ್ಲವೇ ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಬಂದರೆ, ಊರೂರಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಕಥೆ ಹೇಳುವ, ಪುಸ್ತಕವನ್ನು ಗಟ್ಟಿಯಾಗಿ ಓದಿ ತೋರಿಸುವ ಕಾರ್ಯಕ್ರಮಗಳು ನಡೆಯುತ್ತವೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಈಗ 'ಅರಿವು ಕೇಂದ್ರ' ಎಂದು ಕರೆಯುವ ಈ ಗ್ರಂಥಾಲಯಗಳಿಗೆ ಬರುವ ಮಕ್ಕಳಲ್ಲಿ, ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದವರೂ ಇದ್ದಾರೆ.

ಅಂಥ ಮಗು ಮೊದಲ ದಿನ ಬಂದು, ಕಥೆಯ ನಡುವೆ ಎದ್ದಿದ್ದಕ್ಕೋ ಮಾತಾಡಿದ್ದಕ್ಕೋ ಎಲ್ಲರೆದುರು ಬೈಸಿಕೊಂಡರೆ ಏನಾಗುತ್ತದೆ? ಮರುದಿನ ಅದು ಬರದೇ ಇರಬಹುದು. ಮಗು ಗಲಾಟೆ ಮಾಡಿತು ಎಂದು ಮುಜುಗರಪಟ್ಟ ಅಪ್ಪ ಅಮ್ಮನೂ ಕರೆತರುವುದನ್ನು ನಿಲ್ಲಿಸಬಹುದು. ಹಾಗಾಗಿ ಕಥೆ ಕೇಳುವಾಗಿನ ಶಿಸ್ತು ಯಾವುದು, ಯಾವುದಲ್ಲ ಎಂದು ತಿಳಿದುಕೊಳ್ಳುವುದು ಮುಖ್ಯ. ಸಾಮಾನ್ಯವಾಗಿ ಕೇಳಿಬರುವ ನಾಲ್ಕು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಅಲುಗಾಡದೆ ಕೂತ ಮಗು ಮಾತ್ರ ಕಥೆ ಕೇಳುತ್ತಿರುತ್ತದೆ

ವಾಸ್ತವ: ಅಲುಗಾಡದೆ ಕೂರುವುದು ಬೇರೆ, ಗಮನ ಕೊಡುವುದು ಬೇರೆ. ಕೈ ಕಟ್ಟಿ ಕೂತ ಮಗುವಿನ ಮನಸ್ಸು ಆಟದ ಮೈದಾನದಲ್ಲಿರಬಹುದು. ಜಮಖಾನೆಯ ದಾರ ಎಳೆಯುತ್ತಾ ಕೂತ ಮಗು ಪ್ರತಿ ಪದವನ್ನೂ ಕೇಳಿಸಿಕೊಳ್ಳುತ್ತಿರಬಹುದು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಜನರಿಗೆ ಬೇಸರ ತರಿಸುವಂಥ ಫೋನ್ ಸಂದೇಶವೊಂದನ್ನು ಕೇಳಿಸಿದರು. ಅವರಲ್ಲಿ ಅರ್ಧ ಜನ ಕೇಳುತ್ತಲೇ ಕಾಗದದ ಮೇಲಿದ್ದ ಆಕಾರಗಳಿಗೆ ಪೆನ್ಸಿಲ್‌ನಿಂದ ಬಣ್ಣ ತುಂಬುತ್ತಿದ್ದರು. ಆಮೇಲೆ ಪರೀಕ್ಷಿಸಿದಾಗ, ಕೈಗೆ ಕೆಲಸ ಇದ್ದವರು ಶೇ. 29ರಷ್ಟು ಹೆಚ್ಚು ವಿವರಗಳನ್ನು ನೆನಪಿಟ್ಟುಕೊಂಡಿದ್ದರು. ಇದು ದೊಡ್ಡವರ ಮೇಲೆ ನಡೆದ ಚಿಕ್ಕ ಪ್ರಯೋಗ, ಇದನ್ನು ಹಾಗೆಯೇ ಮಕ್ಕಳಿಗೆ ಅನ್ವಯಿಸಲು ಬರುವುದಿಲ್ಲ. ಆದರೆ ಕೈ ಆಡುತ್ತಿದೆ ಎಂದ ಮಾತ್ರಕ್ಕೆ ಕಿವಿ ಮುಚ್ಚಿದೆ ಎಂದುಕೊಳ್ಳಬಾರದು ಎಂಬುದಕ್ಕೆ ಇಷ್ಟು ಸಾಕು.

ಹಾಗಂತ ಎಲ್ಲವೂ ಸರಿ ಎಂದಲ್ಲ. ನಿಮ್ಮನ್ನು ನೀವು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಗುವಿನಿಂದ ಬೇರೆ ಮಕ್ಕಳಿಗೆ ಕಥೆ ಕೇಳಿಸದಂತೆ, ಚಿತ್ರ ಕಾಣದಂತೆ ಆಗುತ್ತಿದೆಯೇ? ಕಾಲು ಅಲ್ಲಾಡಿಸುವುದು, ಮಂಡಿಯೂರಿ ನಿಲ್ಲುವುದು, ಅಮ್ಮನ ಮಡಿಲಲ್ಲಿ ಹೊರಳಾಡುವುದು ಯಾರಿಗೂ ತೊಂದರೆಯಲ್ಲ. ಪುಸ್ತಕದ ಮುಂದೆಯೇ ಹೋಗಿ ನಿಂತರೆ, ಜೋರಾಗಿ ಅಳತೊಡಗಿದರೆ, ಪಕ್ಕದ ಮಗುವನ್ನು ತಳ್ಳಿದರೆ ತೊಂದರೆ. ಆಗ ಬೈಯದೆ, ಎಳೆದಾಡದೆ ಮಗುವನ್ನು ಎತ್ತಿಕೊಂಡು ಎರಡು ನಿಮಿಷ ಹೊರಗೆ ಹೋಗಿ, ಸಮಾಧಾನವಾದ ಮೇಲೆ ವಾಪಸ್ ಬನ್ನಿ. ಹೊರಗೆ ಹೋಗುವುದು ಶಿಕ್ಷೆಯಲ್ಲ, ಪುಟ್ಟ ವಿರಾಮ. ಪುಟ್ಟ ಮಕ್ಕಳಿದ್ದವರು ಬಾಗಿಲ ಹತ್ತಿರ ಕೂತರೆ ಹೋಗಿಬರುವುದೂ ಸುಲಭ.

ನಂಬಿಕೆ 2: ಕಥೆಯ ನಡುವೆ ಮಾತಾಡುವುದು ಅಶಿಸ್ತು

ವಾಸ್ತವ: ನಮ್ಮ ಹಳ್ಳಿಗಳಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು "ಹ್ಞೂಂ" ಅನ್ನುತ್ತಿರಬೇಕಿತ್ತು. ಹೂಂಗುಟ್ಟುವುದು ನಿಂತರೆ "ನಿದ್ದೆ ಹೋದ್ಯಾ?" ಎಂಬ ಪ್ರಶ್ನೆ ಬರುತ್ತಿತ್ತು. ಅಂದರೆ ಕೇಳುವವರ ದನಿ ಕಥೆಯದೇ ಒಂದು ಭಾಗವಾಗಿತ್ತು.

ಸಂಶೋಧನೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳಿಗೆ ಪೋಷಕರು ಒಂದು ತಿಂಗಳು ಚಿತ್ರಪುಸ್ತಕ ಓದಿದರು. ಒಂದು ಗುಂಪಿನವರು ತಮ್ಮ ಎಂದಿನ ರೀತಿಯಲ್ಲೇ ಓದಿದರು. ಇನ್ನೊಂದು ಗುಂಪಿನವರಿಗೆ ನಡುನಡುವೆ "ಇಲ್ಲಿ ಏನಾಗ್ತಿದೆ?" ಎಂಬಂಥ ಪ್ರಶ್ನೆ ಕೇಳಿ, ಮಗು ಹೇಳಿದ ಮಾತಿಗೆ ಇನ್ನಷ್ಟು ಸೇರಿಸಿ ಹೇಳುವ ತರಬೇತಿ ಕೊಡಲಾಗಿತ್ತು. ತಿಂಗಳ ಕೊನೆಗೆ ಈ ಎರಡನೇ ಗುಂಪಿನ ಮಕ್ಕಳು ಮಾತಾಡುವ ಸಾಮರ್ಥ್ಯದಲ್ಲಿ ಮುಂದಿದ್ದರು.

ಮನೆಯಲ್ಲಿ ಒಂದು ಮಗುವಿರುತ್ತದೆ, ಗ್ರಂಥಾಲಯದಲ್ಲಿ ಮೂವತ್ತು ಮಕ್ಕಳಿರಬಹುದು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಕಥೆ ಮುಂದೆ ಸಾಗುವುದಿಲ್ಲ. ಅದಕ್ಕೊಂದು ಸರಳ ದಾರಿ ಇದೆ. ಕಥೆ ಹೇಳುವವರು ಎರಡು ಮೂರು ಕಡೆ ತಾವೇ ನಿಲ್ಲಿಸಿ "ಮುಂದೇನಾಗಬಹುದು?" ಎಂದು ಕೇಳಲಿ. ನಡುವೆ ಬಂದ ಮಾತಿಗೆ "ಇದನ್ನ ನೆನಪಿಟ್ಕೋ, ಕಥೆ ಮುಗಿದ ಮೇಲೆ ಹೇಳುವಂತೆ" ಅನ್ನಲಿ. ಮುಗಿದ ಮೇಲೆ ಮರೆಯದೆ ಆ ಮಗುವನ್ನು ಕರೆದು ಕೇಳಲಿ. ಒಮ್ಮೆ ಮಾತು ಉಳಿಸಿಕೊಂಡರೆ ಮುಂದಿನ ಸಲ ಮಗು ಕಾಯುವುದಕ್ಕೆ ಒಪ್ಪುತ್ತದೆ.

ಮಗು ಲಂಬಾಣಿ, ತುಳು, ಉರ್ದು, ತೆಲುಗು, ಹೀಗೆ ಮನೆಮಾತಿನಲ್ಲೇ ಉತ್ತರ ಕೊಟ್ಟರೆ "ಕನ್ನಡದಲ್ಲಿ ಹೇಳು" ಎಂದು ತಡೆಯಬೇಡಿ. ಕಥೆ ಅರ್ಥವಾಗಿದೆ ಎಂದೇ ಅದು ಉತ್ತರ ಕೊಡುತ್ತಿದೆ. ಹಾಗೆಯೇ, ಪ್ರತಿ ಕಥೆಯ ಕೊನೆಗೂ "ಇದರ ನೀತಿ ಏನು?" ಎಂದು ಕೇಳಬೇಕಾಗಿಲ್ಲ. ಹಾಗೆ ಕೇಳುತ್ತಲೇ ಹೋದರೆ ಕಥೆಯೂ ಪರೀಕ್ಷೆಯಂತೆ ಕಾಣತೊಡಗುತ್ತದೆ.

ನಂಬಿಕೆ 3: ಶಿಸ್ತು ಮಕ್ಕಳಿಗೆ, ದೊಡ್ಡವರು ಸುಮ್ಮನೆ ಕಾಯುತ್ತಿದ್ದರೆ ಸಾಕು

ವಾಸ್ತವ: ದೊಡ್ಡವರಿಂದಲೂ ಕಥೆ ಕೆಡುತ್ತದೆ. ಹಿಂದೆ ಕೂತು ಜೋರಾಗಿ ಹರಟುವುದು, ಫೋನ್ ರಿಂಗಾಗುವುದು, ರೀಲ್ಸ್‌ನ ಸದ್ದು, ಫೋಟೋಗೆಂದು ಮಕ್ಕಳ ನಡುವೆ ನುಗ್ಗುವುದು, ಎಲ್ಲವೂ ಅಡ್ಡಿಯೇ.

2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತಾಯಂದಿರು ತಮ್ಮ ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಪದ ಕಲಿಸಿದರು. ಒಂದು ಪದ ಕಲಿಸುವಾಗ ನಡುವೆ ಫೋನ್ ಬಂತು, ಇನ್ನೊಂದಕ್ಕೆ ಬರಲಿಲ್ಲ. ಕಲಿಸಿದ ಒಟ್ಟು ಸಮಯ ಎರಡಕ್ಕೂ ಒಂದೇ. ಆದರೂ ಅಡ್ಡಿಯಿಲ್ಲದೆ ಕಲಿಸಿದ ಪದವನ್ನು ಮಕ್ಕಳು ಕಲಿತರು, ಫೋನ್ ಅಡ್ಡ ಬಂದ ಪದವನ್ನು ಕಲಿಯಲಿಲ್ಲ. ಒಂದು ಕರೆಯಿಂದ ಮಗುವಿನ ಭವಿಷ್ಯವೇ ಹಾಳು ಎಂದು ಇದರ ಅರ್ಥವಲ್ಲ. ಕಲಿಕೆಯ ಎಳೆ ಕಡಿದರೆ ಅದನ್ನು ಮತ್ತೆ ಜೋಡಿಸುವುದು ಪುಟ್ಟ ಮಕ್ಕಳಿಗೆ ಕಷ್ಟ ಎಂದಷ್ಟೇ ತಿಳಿಯಬೇಕು.

ನೀವು ಮಗುವಿನ ಜೊತೆ ಕೂತು ಚಿತ್ರ ನೋಡಿದರೆ, ನಗು ಬಂದಲ್ಲಿ ನಕ್ಕರೆ, ಹೇಗೆ ಕೇಳಬೇಕು ಎಂಬುದನ್ನು ಮಗು ನಿಮ್ಮನ್ನು ನೋಡಿಯೇ ಕಲಿಯುತ್ತದೆ. ಕಥೆ ಹೇಳುವವರು ಮಗುವನ್ನು ಪ್ರಶ್ನೆ ಕೇಳಿದಾಗ ಮಾತ್ರ ನೀವು ಸುಮ್ಮನಿರಿ. "ಹೇಳು ಪುಟ್ಟಾ, ಆನೆ ಅಂತ ಹೇಳು" ಎಂದು ಪಿಸುಗುಟ್ಟಿದರೆ ಮಗು ಯೋಚಿಸುವುದಕ್ಕೆ ಜಾಗವೇ ಇರುವುದಿಲ್ಲ.

ಫೋಟೋ ಬಗ್ಗೆ ಒಂದು ಮಾತು. ನಿಮ್ಮ ಮಗುವಿನ ಫೋಟೋದಲ್ಲಿ ಬೇರೆಯವರ ಮಕ್ಕಳ ಮುಖವೂ ಇರುತ್ತದೆ. ಅವರ ಮನೆಯವರನ್ನು ಕೇಳದೆ ಅದನ್ನು ಸ್ಟೇಟಸ್‌ಗೆ, ಗ್ರೂಪ್‌ಗೆ ಹಾಕಬೇಡಿ. ಕಥೆ ಮುಗಿದ ಮೇಲೆ ನಿಮ್ಮ ಮಗು ಪುಸ್ತಕ ಹಿಡಿದಿರುವ ಫೋಟೋ ತೆಗೆದರೆ ಆಯಿತು.

ನಂಬಿಕೆ 4: ಕೇಳಿದ ಕಥೆಯನ್ನೇ ಮತ್ತೆ ಕೇಳುವುದು ಸಮಯ ವ್ಯರ್ಥ

ವಾಸ್ತವ: ಇದು ಉಲ್ಟಾ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ಚಿಕ್ಕ ಅಧ್ಯಯನ ನಡೆಸಿದರು. ಕೆಲವರಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ, ಕೆಲವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಪದಗಳು ಎರಡೂ ಗುಂಪಿನವರಿಗೆ ಅಷ್ಟೇ ಸಲ ಕಿವಿಗೆ ಬಿದ್ದಿದ್ದವು. ಒಂದು ವಾರದ ನಂತರ ನೋಡಿದರೆ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರೇ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಕಥೆ ಗೊತ್ತಿದ್ದರೆ ಮಗುವಿನ ಗಮನ ಹೊಸ ಪದಗಳ ಕಡೆ, ಚಿತ್ರದ ವಿವರಗಳ ಕಡೆ ಹರಿಯಬಹುದು.

"ಈ ಕಥೆ ನಂಗೊತ್ತು, ಕೊನೆಗೆ ನರಿ ಸಾಯತ್ತೆ" ಎಂದು ಕೂಗುವ ಮಗುವನ್ನು ಗದರಿಸಬೇಡಿ, ಅದಕ್ಕೊಂದು ಕೆಲಸ ಕೊಡಿ. ಪುಟ ತಿರುಗಿಸುವುದು, ನರಿಯ ದನಿ ಮಾಡುವುದು ಅದರ ಪಾಲಿಗಿರಲಿ. ಬೇರೆಯವರು ಮೊದಲ ಸಲ ಕೇಳುತ್ತಿದ್ದಾರೆ, ಗುಟ್ಟು ಬಿಡಬೇಡ ಎಂದು ಕಿವಿಯಲ್ಲಿ ಹೇಳಿ.

ಗ್ರೂಪ್‌ಗೆ ಕಳಿಸಬಹುದಾದ ಪಟ್ಟಿ

ಹೊರಡುವ ಮುಂಚೆ:
• ಮಗುವಿಗೆ ತಿಂಡಿ ತಿನ್ನಿಸಿ, ಶೌಚಾಲಯಕ್ಕೆ ಕಳಿಸಿ.
• ಜ್ವರ, ಕೆಮ್ಮು ಇದ್ದರೆ ಅವತ್ತು ಮನೆಯಲ್ಲೇ ಓದಿ.
• ಅಲ್ಲಿ ಏನು ನಡೆಯುತ್ತದೆ ಎಂದು ಮೊದಲೇ ಹೇಳಿ: "ಚಾಪೆ ಮೇಲೆ ಕೂತು ಕಥೆ ಕೇಳ್ತೀವಿ, ಆಮೇಲೆ ಪುಸ್ತಕ ನೋಡ್ತೀವಿ."
• ಐದು ನಿಮಿಷ ಮುಂಚೆ ತಲುಪಿ. ತಡವಾದರೆ ಸದ್ದಿಲ್ಲದೆ ಹಿಂದೆ ಕೂರಿ.

ಕಥೆ ನಡೆಯುವಾಗ:
• ಫೋನ್ ಸೈಲೆಂಟ್‌ನಲ್ಲಿ ಚೀಲದೊಳಗೆ ಇರಲಿ.
• ಆಟಿಕೆ, ಕುರುಕಲು ಹೊರತೆಗೆಯಬೇಡಿ. ಬೇರೆ ಮಕ್ಕಳಿಗೂ ಬೇಕೆನಿಸುತ್ತದೆ.
• ಪುಟ್ಟವರು ಮುಂದೆ, ಎತ್ತರದವರು ಹಿಂದೆ.
• ಬೇರೆಯವರ ಮಗುವನ್ನು ಗದರಿಸಬೇಡಿ. ಅವರ ಅಮ್ಮನನ್ನು ದುರುಗುಟ್ಟಿ ನೋಡುವುದೂ ಬೇಡ.

ಮುಗಿದ ಮೇಲೆ:
• ಗ್ರಂಥಪಾಲಕರಿಗೆ, ಕಥೆ ಹೇಳಿದವರಿಗೆ ಮಗುವಿನಿಂದಲೇ ಥ್ಯಾಂಕ್ಸ್ ಹೇಳಿಸಿ.
• ಚಾಪೆ ಮಡಚಲು ಕೈಜೋಡಿಸಿ. ನೋಡಿದ ಪುಸ್ತಕ ಎಲ್ಲಿಡಬೇಕೆಂದು ಕೇಳಿ ಇಡಿ.
• ಸದಸ್ಯತ್ವ ಇಲ್ಲದಿದ್ದರೆ ಅವತ್ತೇ ಮಾಡಿಸಿ, ಮಗು ಆರಿಸಿದ ಒಂದು ಪುಸ್ತಕ ಮನೆಗೆ ತನ್ನಿ.
• ರಾತ್ರಿ ಮಗುವಿನಿಂದ ಆ ಕಥೆ ಹೇಳಿಸಿ. ನೀವು ಹ್ಞೂಂ ಅನ್ನುತ್ತಾ ಕೇಳಿ.