ಪಾದರಕ್ಷೆಗಳು ಇಳಿದ ದಾರಿ

ಹತ್ತು ಅಂತಸ್ತಿನ ಕಟ್ಟಡದ ಮೇಲಣ ಮಹಡಿಗಳಿಂದ ಪಾದರಕ್ಷೆಗಳ ರಾಶಿಯನ್ನು ನೆಲಕ್ಕಿಳಿಸುವುದು ಹೇಗೆ? ಆಳುಗಳ ತಲೆಯ ಮೇಲೆ ಹೊರಿಸಿದರೆ ಕೂಲಿಯ ವೆಚ್ಚ. ಮೇಲಿನಿಂದ ನೇರವಾಗಿ ಬಿಟ್ಟರೆ ಸರಕಿನ ನಷ್ಟ. ಅಮೆರಿಕದ ಮಿಸಿಸಿಪಿ ನದೀತೀರದ ಸೇಂಟ್ ಲೂಯಿಸ್ ನಗರದಲ್ಲಿ ಇಂಟರ್‌ನ್ಯಾಷನಲ್ ಷೂ ಕಂಪೆನಿಯವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಮಹಡಿಯಿಂದ ಮಹಡಿಗೆ ಶಂಖದ ಸುರುಳಿಯಂತೆ ಸುತ್ತಿಕೊಂಡು ಇಳಿಯುವ ಜಾರುದಾರಿ. ಸುತ್ತು ಹೆಚ್ಚಿದಷ್ಟೂ ದಾರಿ ನೀಳವಾಗುತ್ತದೆ, ದಾರಿ ನೀಳವಾದಷ್ಟೂ ಇಳಿಜಾರು ಸೌಮ್ಯವಾಗುತ್ತದೆ. ಭೂಮಿಯ ಆಕರ್ಷಣೆ ಸರಕನ್ನು ಕೆಳಕ್ಕೆಳೆಯುತ್ತಿದ್ದರೆ ಘರ್ಷಣೆಯು ಅದರ ವೇಗವನ್ನು ತಡೆಯುತ್ತಿರುತ್ತದೆ. ಎಣ್ಣೆ ಬೇಡ, ಉಗಿ ಬೇಡ, ವಿದ್ಯುತ್ತೂ ಬೇಡ.

1911ರಲ್ಲಿ ಎರಡು ಸಂಸ್ಥೆಗಳು ಒಂದಾಗಿ ಹುಟ್ಟಿದ ಈ ಕಂಪೆನಿ ಒಂದು ಕಾಲಕ್ಕೆ ಮಹಾವೈಭವದಲ್ಲಿ ಮೆರೆಯಿತು. ಪಾದರಕ್ಷೆಯಲ್ಲಿ ಮೊದಲು, ಮದ್ಯದಲ್ಲಿ ಮೊದಲು, ಬೇಸ್‌ಬಾಲಿನಲ್ಲಿ ಮಾತ್ರ ಕಡೆ ಎಂದು ಆ ಊರನ್ನು ಕುರಿತು ಜನ ನಗೆಯಾಡುತ್ತಿದ್ದರಂತೆ. ನಾಟಕಕಾರ ಟೆನೆಸಿ ವಿಲಿಯಮ್ಸ್ ತಾರುಣ್ಯದಲ್ಲಿ ಇದೇ ಕಂಪೆನಿಯಲ್ಲಿ ಬೇಸರದಿಂದ ದುಡಿದವನು. ಆತನ ‘ದಿ ಗ್ಲಾಸ್ ಮೆನಾಜರಿ’ಯ ನಾಯಕನೂ ಪಾದರಕ್ಷೆಯ ಉಗ್ರಾಣದಲ್ಲೇ ನವೆಯುತ್ತಾನೆ. ಕಾಲಾಂತರದಲ್ಲಿ ಉದ್ಯಮವು ಅಗ್ಗದ ಕೂಲಿಯನ್ನರಸಿ ಅನ್ಯತ್ರ ಹೊರಟುಹೋಯಿತು, ಕಟ್ಟಡ ಬರಿದಾಯಿತು.

ಆ ಬರಿದಾದ ಗೋಡೆಗಳನ್ನು 1993ರಲ್ಲಿ ಕೊಂಡವರು ಶಿಲ್ಪಿ ಬಾಬ್ ಕ್ಯಾಸಿಲಿ ಮತ್ತು ಆತನ ಪತ್ನಿ ಗೇಲ್. ಈ ಶಿಲ್ಪಿಯ ಪೂರ್ವಚರಿತ್ರೆಯಲ್ಲಿ ಒಂದು ಸ್ವಾರಸ್ಯವುಂಟು. 1972ರಲ್ಲಿ ರೋಮ್ ನಗರದ ಸಂತ ಪೀಟರನ ದೇವಾಲಯದಲ್ಲಿ ಉನ್ಮತ್ತನೊಬ್ಬ ಮೈಕೆಲೇಂಜೆಲೋನ ‘ಪಿಯೆಟಾ’ ಶಿಲ್ಪವನ್ನು ಸುತ್ತಿಗೆಯಿಂದ ಬಡಿಯುತ್ತಿದ್ದಾಗ, ನುಗ್ಗಿ ಆತನನ್ನು ಎಳೆದು ಕೆಡವಿದವರಲ್ಲಿ ಕ್ಯಾಸಿಲಿಯೂ ಒಬ್ಬ. ಕಲ್ಲಿನ ಮೇಲೆ ಬಿದ್ದ ಕೈಯನ್ನು ಅಂದು ತಡೆದವನೇ ಮುಂದೆ, ಎಲ್ಲವನ್ನೂ ಎಲ್ಲರೂ ಮುಟ್ಟಬಹುದಾದ ಸಂಗ್ರಹಾಲಯವೊಂದನ್ನು ಕಟ್ಟಿದನು.

1997ರ ಅಕ್ಟೋಬರ್ 25ರಂದು ಬಾಗಿಲು ತೆರೆದ ಇದರ ಹೆಸರು ‘ಸಿಟಿ ಮ್ಯೂಸಿಯಂ’. ಹೆಸರಿಗೆ ತಕ್ಕಂತೆ, ಊರು ಬಿಸುಟ ವಸ್ತುಗಳೇ ಇದರ ಮೂಲದ್ರವ್ಯ: ಹಳೆಯ ಹೊಗೆಕೊಳವೆಗಳು, ಕಳಚಿದ ಸೇತುವೆಯ ಭಾಗಗಳು, ಒಡೆದ ಹೆಂಚುಗಳು. ಬೆಸುಗೆಗಾರರೂ ಕಮ್ಮಾರರೂ ಗಾರೆಯವರೂ ಕೂಡಿ ಇವುಗಳಿಂದ ಗುಹೆಗಳನ್ನೂ ಮೊಸಾಯಿಕ್ ಮೀನುಗಳನ್ನೂ ನಿರ್ಮಿಸಿದರು. ಅಂಗಳದಲ್ಲಿ ಎರಡು ವಿಮಾನಗಳ ಒಡಲನ್ನು ಕಬ್ಬಿಣದ ಜಾಲದ ನಡುವೆ ತೂಗಿಬಿಟ್ಟರು. ಮಾಳಿಗೆಯ ಅಂಚಿನಲ್ಲಿ ಶಾಲೆಯ ಬಸ್ಸೊಂದನ್ನು ಅರ್ಧ ಹೊರಚಾಚಿ ನಿಲ್ಲಿಸಿದರು. ಹಳೆಯ ಯಂತ್ರಗಳು ಇಲ್ಲಿ ಇಂದಿಗೂ ಪಾದರಕ್ಷೆಯ ದಾರವನ್ನು ಹೆಣೆಯುತ್ತವೆ. ಮನೆಯ ಮೂಲಪುರುಷನಿಗೆ ಸಲ್ಲಿಸುವ ತರ್ಪಣವಿದೆಂದು ನನಗೆ ತೋರುತ್ತದೆ.

ಮತ್ತು ಆ ಸುರುಳಿದಾರಿ? ಅದನ್ನು ಕ್ಯಾಸಿಲಿ ಕಿತ್ತೆಸೆಯಲಿಲ್ಲ, ಗಾಜಿನ ಹಿಂದೆ ಇಟ್ಟು ಫಲಕ ತೂಗಿಸಲೂ ಇಲ್ಲ. ಪಾದರಕ್ಷೆಗಳು ಇಳಿದ ದಾರಿಯಲ್ಲಿ ಈಗ ಪಾದಗಳುಳ್ಳವರೇ ಇಳಿಯುತ್ತಾರೆ. ಇಳಿಜಾರೆಂದರೇನು, ಘರ್ಷಣೆಯೆಂದರೇನು ಎಂಬುದನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಕಂಡು ಮರೆತ ಬಾಲಕನು, ಜಾರುವಾಗ ಮೊಣಕೈಯನ್ನು ಗೋಡೆಗೊತ್ತಿ ವೇಗ ತಗ್ಗಿಸಿಕೊಂಡ ಕ್ಷಣದಲ್ಲಿ ಅದೇ ತತ್ತ್ವವನ್ನು ಚರ್ಮದಿಂದಲೇ ಅರಿಯುತ್ತಾನೆ. ಒಳಗೆ ದಾರಿ ತೋರುವ ನಕ್ಷೆಯಿಲ್ಲ. ಅಂಗಡಿಯಲ್ಲಿ ಮಾತ್ರ ಮೊಣಕಾಲಿನ ಮೆತ್ತೆಗಳು ಮಾರಾಟಕ್ಕುಂಟು. ಮಕ್ಕಳ ಹಿಂದೆ ತೆವಳುವ ತಂದೆತಾಯಿಗಳಿಗೆ ಅವು ಹೆಚ್ಚು ಬೇಕಾಗುತ್ತವೆಯೆಂದು ನನ್ನ ಊಹೆ.

ಇಷ್ಟಕ್ಕೆ ತೃಪ್ತನಾಗದ ಕ್ಯಾಸಿಲಿ ನಗರದ ಇನ್ನೊಂದು ಅಂಚಿನಲ್ಲಿ ಪಾಳುಬಿದ್ದ ಸಿಮೆಂಟ್ ಕಾರ್ಖಾನೆಯೊಂದನ್ನು ಕೊಂಡು, ‘ಸಿಮೆಂಟ್‌ಲ್ಯಾಂಡ್’ ಎಂದು ಹೆಸರಿಟ್ಟು, ಸ್ವತಃ ಬುಲ್‌ಡೋಜರ್ ನಡೆಸುತ್ತ ಮಣ್ಣಿನ ದಿಬ್ಬಗಳನ್ನೆಬ್ಬಿಸುತ್ತಿದ್ದನು. 2011ರಲ್ಲಿ ಆತ ಮೃತನಾಗಿ ಕಂಡುಬಂದದ್ದೂ ಅಲ್ಲಿಯೇ, ಆ ಯಂತ್ರದೊಳಗೆಯೇ. ಆ ಕಾರ್ಯ ಅರ್ಧಕ್ಕೆ ನಿಂತಿತು.