ಬಾಗಿಲು ತಟ್ಟುವ ಆರೋಗ್ಯ ಕಾರ್ಯಕರ್ತೆ ಮತ್ತು ನಾವು

ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಕರ್ನಾಟಕದ ಬಸ್ಸುಗಳಿಂದ ಇಳಿಯುವವರೆಲ್ಲರೂ ನಮ್ಮ ಮನೆಗಳಿಗೆ ಬರುವ ನೆಂಟರಲ್ಲ. ವಿಜಯಪುರ, ಕಲಬುರಗಿ ಕಡೆಗಳಿಂದ ಕಟ್ಟಡದ ಕೆಲಸ ಅರಸಿ, ಗಂಟುಮೂಟೆ, ಕೈಗೂಸುಗಳೊಡನೆ ಬರುವ ಕನ್ನಡಿಗರೂ ಅವರಲ್ಲಿದ್ದಾರೆ. ಅಂಥ ಕುಟುಂಬದ ಗರ್ಭಿಣಿ ಎಲ್ಲಿ ಹೆಸರು ನೋಂದಾಯಿಸಬೇಕು, ಮಗುವಿನ ಮುಂದಿನ ಲಸಿಕೆ ಯಾವಾಗ ಎಂಬುದನ್ನು ತಿಳಿಸಬೇಕಾದವರು ಬಡಾವಣೆಯ ‘ಆಶಾ’ ಕಾರ್ಯಕರ್ತೆ.

ಆಶಾ ವ್ಯವಸ್ಥೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆರಂಭವಾಯಿತು. ಹಳ್ಳಿಗಳಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬರಂತೆ ಅದೇ ಊರಿನ ಮಹಿಳೆಯನ್ನು ಆರಿಸಲಾಯಿತು. 2013ರ ನಗರ ಆರೋಗ್ಯ ಅಭಿಯಾನ ಅದನ್ನು ನಗರದ ಬಡ ವಸತಿಗಳಿಗೂ ತಂದಿತು. ಆದರೆ ಇದರ ಮೂಲ ಇನ್ನೂ ಹಿಂದಿನದು, ಅದೂ ಮಹಾರಾಷ್ಟ್ರದ್ದೇ. ಡಾ. ರಜನಿಕಾಂತ ಮತ್ತು ಡಾ. ಮೇಬಲ್ ಆರೋಳೆ ದಂಪತಿ 1970ರಲ್ಲಿ ಜಾಮಖೇಡದಲ್ಲಿ ಕೆಲಸ ಆರಂಭಿಸಿ, ಮುಂದೆ ಅಕ್ಷರ ಬಾರದ ಹಳ್ಳಿಯ ಹೆಂಗಸರನ್ನೂ ಆರೋಗ್ಯ ಕಾರ್ಯಕರ್ತೆಯರಾಗಿ ಸಿದ್ಧಗೊಳಿಸಿದರು. ಗಡಚಿರೋಲಿಯಲ್ಲಿ ಡಾ. ಅಭಯ ಮತ್ತು ಡಾ. ರಾಣಿ ಬಂಗ್ ದಂಪತಿ, ತರಬೇತಿ ಪಡೆದ ಗ್ರಾಮಸ್ಥ ಮಹಿಳೆ ಮನೆಯಲ್ಲೇ ಆರೈಕೆ ಮಾಡಿದರೆ ನವಜಾತ ಶಿಶುಗಳ ಮರಣ ಅರ್ಧಕ್ಕಿಂತ ಕೆಳಗಿಳಿಯಬಲ್ಲದೆಂದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಎರಡೂ ಕಡೆ ಕೆಲಸ ಸಾಧಿಸಿದ್ದು ಔಷಧಕ್ಕಿಂತ ಪರಿಚಯ. ಬಂದವಳು ಯಾರ ಮನೆಯ ಸೊಸೆ ಎಂಬುದು ಊರಿಗೇ ಗೊತ್ತಿತ್ತು.

ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ, ಹಾಲು ಕುಡಿಯುವ ಬಗೆ ನೋಡಬೇಕು. ಈ ಭೇಟಿಗಳಿಗೆಲ್ಲ ಸೇರಿ ಕೇಂದ್ರ ನಿಗದಿಪಡಿಸಿದ ಪ್ರೋತ್ಸಾಹಧನ 250 ರೂಪಾಯಿ! ಸರಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ಆದರೂ ಸಂಭಾವನೆಗಾಗಿ 2023ರಲ್ಲಿ ಮಹಾರಾಷ್ಟ್ರದಲ್ಲಿ, 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಎಲ್ಲರಿಗೂ ಆರೋಗ್ಯವೆಂಬ ದೊಡ್ಡ ಯೋಜನೆಯ ಭಾರವನ್ನು ಇಷ್ಟು ಕಡಿಮೆ ಕೂಲಿಯ ಮೇಲೆ ಹೊರಿಸುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ನಗರದಲ್ಲಿ ಅವರಿಗೆ ಇನ್ನೊಂದು ತೊಡಕಿದೆ. ಜಾಮಖೇಡದಲ್ಲಿದ್ದ ಆ ಪರಿಚಯ ಇಲ್ಲಿಲ್ಲ. ಸಿಂಹಗಡ ರಸ್ತೆಯ ಸುತ್ತ 2025ರ ಆರಂಭದಲ್ಲಿ ಗೀಯಾನ್ ಬಾರೆ ಕಾಯಿಲೆ ಕಾಣಿಸಿಕೊಂಡಾಗ ಮನೆಮನೆ ಸಮೀಕ್ಷೆ ನಡೆಯಿತು. ಇಂಥ ಸಮೀಕ್ಷೆಯಲ್ಲಿ ಸೊಸೈಟಿಯ ಕಾವಲುಗಾರ ಗೇಟಿನಲ್ಲೇ ತಡೆದರೆ, ಅಥವಾ ನಾವು ಬಾಗಿಲ ಸಂದಿಯಿಂದಲೇ ‘ಎಲ್ಲ ಚೆನ್ನಾಗಿದ್ದೇವೆ’ ಎಂದುಬಿಟ್ಟರೆ, ನೀರಿನ ದೋಷ ಯಾವ ಬೀದಿಯದೆಂದು ತಿಳಿಯುವುದಾದರೂ ಹೇಗೆ?

ಕಟ್ಟಡ ಕಾರ್ಮಿಕರ ಗುಡಿಸಲುಗಳಲ್ಲಿ ತೊಡಕು ಭಾಷೆಯದು. ಕಾರ್ಯಕರ್ತೆ ಮರಾಠಿಯಲ್ಲಿ ಕೇಳುತ್ತಾರೆ, ಆಗಷ್ಟೇ ಊರಿನಿಂದ ಬಂದ ತಾಯಿ ಅರ್ಥವಾಗದೆಯೇ ಹೂಂಗುಡುತ್ತಾಳೆ. ಜ್ವರ ಎಷ್ಟು ದಿನದಿಂದ ಎಂಬ ಪ್ರಶ್ನೆಗೆ ಹೂಂ ಎಂಬ ಉತ್ತರದಿಂದ ಏನು ಪ್ರಯೋಜನ? ಎರಡೂ ಭಾಷೆ ಬಲ್ಲ ನಮ್ಮ ಗೃಹಿಣಿಯರು, ನಿವೃತ್ತರು ತಮ್ಮ ಬಡಾವಣೆಯ ಆಶಾ ಯಾರೆಂದು ಮಹಾನಗರಪಾಲಿಕೆಯ ದವಾಖಾನೆಯಲ್ಲಿ ವಿಚಾರಿಸಿ, ವಾರಕ್ಕೊಂದು ಮಧ್ಯಾಹ್ನ ಅವರೊಡನೆ ಹೋಗಬಹುದು. ಔಷಧದ ಸಲಹೆ ಮಾತ್ರ ನಾವು ಕೊಡಬಾರದು. ನಮ್ಮದು ದುಭಾಷಿಯ ಕೆಲಸ. ಕೇಳಿದ ಮಾತು ಬೇರೆಯವರ ಕಿವಿಗೆ ಬೀಳಕೂಡದು.

ಇನ್ನೊಂದು ಸಂಗತಿ. ನಮ್ಮ ಕಡೆಯ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಇಲ್ಲಿಯ ತಾಯಿ ಕಾರ್ಡು ಗುಡಿಸಲಿನಲ್ಲೇ ಉಳಿದರೆ, ಅಲ್ಲಿಯ ಆಶಾಗೆ ಹಿಂದಿನ ತಪಾಸಣೆ, ಚುಚ್ಚುಮದ್ದುಗಳ ವಿವರ ಸಿಗುವುದಿಲ್ಲ. ಕಾರ್ಡನ್ನು ಸೀರೆಗಂಟಿನಲ್ಲಿ ಕಟ್ಟಿಕೊಂಡೇ ಬಸ್ಸು ಹತ್ತಬೇಕೆಂದು ಕನ್ನಡದಲ್ಲಿ ಹೇಳುವವರು ಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ನೆರೆಯ ಕಟ್ಟಡದ ಕೆಲಸದಲ್ಲಿ ಗರ್ಭಿಣಿಯರಿದ್ದರೆ ಮೊದಲು ಆ ದಿನವನ್ನು ಅವರಿಗೆ ತಿಳಿಸಿರಿ.