ಗುರುಪೀಠದ ಮೇಲಣ ದೂರು ಮತ್ತು ತನಿಖೆಯ ಕರ್ತವ್ಯ

ಧರ್ಮಗುರುವಿನ ಸ್ಥಾನದಲ್ಲಿರುವವರ ಮೇಲೆ ಮಗುವೊಂದು ಲೈಂಗಿಕ ದೌರ್ಜನ್ಯದ ದೂರನ್ನು ಹೇಳಿದಾಗ ಅಧಿಕಾರಿಗಳು ಏನು ಮಾಡತಕ್ಕದ್ದು ಎಂಬುದೇ ಈ ಲೇಖನದ ವಿಚಾರ. ದೂರು ನಿಜವೋ ಸುಳ್ಳೋ ಎಂದು ನಿರ್ಣಯಿಸುವುದು ನ್ಯಾಯಾಲಯದ ಕಾರ್ಯ. ಆ ನಿರ್ಣಯಕ್ಕೆ ಬೇಕಾದ ಸಾಕ್ಷ್ಯವನ್ನು ಕಾಲ ಮೀರುವ ಮೊದಲು ಸಂಗ್ರಹಿಸಿ ಕೊಡುವುದು ತನಿಖೆಯ ಕಾರ್ಯ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ, ತನಿಖೆಯನ್ನು ಬೇಡಿದವರು ಧರ್ಮದ್ವೇಷಿಗಳೆಂಬ ಅಪವಾದಕ್ಕೆ ಗುರಿಯಾಗುತ್ತಾರೆ.

ದೂರು ಹೊರಬರುವುದು ಏಕೆ ಕಷ್ಟವೆಂಬುದನ್ನು ತಿಳಿಯಲು ಯಾವುದಾದರೊಂದು ಹಳ್ಳಿಯ ಜೀವನವನ್ನು ನೋಡಿದರೆ ಸಾಕು. ಕುಂದಾಪುರದ ಉತ್ತರಕ್ಕೆ, ಹೆದ್ದಾರಿಯಿಂದ ಕೊಲ್ಲೂರಿನ ದಾರಿ ಕವಲೊಡೆಯುವಲ್ಲಿ, ಹೆಮ್ಮಾಡಿಯೆಂಬ ಊರುಂಟು. ಇಲ್ಲಿಯ ರೈತರು ಬೆಳೆದ ಸೇವಂತಿಗೆ ಮಕರ ಸಂಕ್ರಮಣದ ವೇಳೆಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಸಲ್ಲುತ್ತದೆ. ಈ ಊರಿನಲ್ಲಿ ಅಂತಹ ದೂರು ಎದ್ದಿದೆಯೆಂದು ನಾವು ಹೇಳುತ್ತಿಲ್ಲ. ಭಕ್ತಿಯೂ ಜೀವನೋಪಾಯವೂ ಹೀಗೆ ಒಂದರೊಳಗೊಂದು ಹೆಣೆದುಕೊಂಡಿರುವಲ್ಲಿ, ದೇವಸ್ಥಾನವಾಗಲಿ ಮಠವಾಗಲಿ ಇಗರ್ಜಿಯಾಗಲಿ ಮಸೀದಿಯಾಗಲಿ, ಅದರ ಹಿರಿಯರ ಮೇಲೆ ಮಾತೆತ್ತಿದ ಮನೆಯು ಊರಿನಲ್ಲಿ ಒಂಟಿಯಾಗಿಬಿಡುತ್ತದೆ ಎಂಬುದಷ್ಟೇ ನಮ್ಮ ಅಭಿಪ್ರಾಯ. ಆದಕಾರಣ ದೂರಿನ ಭಾರವನ್ನು ಮಗುವಿನ ಹೆಗಲಿನಿಂದ ಇಳಿಸಿ ತಾನು ಹೊರಬೇಕಾದುದು ಸರಕಾರ.

ಕಾಯಿದೆಯ ಆಶಯವೂ ಇದೇ. 2012ರ ನವೆಂಬರ್ 14ರಂದು ಜಾರಿಗೆ ಬಂದ, ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆಯನ್ನು ಜನರು ಪೋಕ್ಸೋ ಎಂದು ಕರೆಯುತ್ತಾರೆ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿಯೋ ಸಿಬ್ಬಂದಿಯಲ್ಲಿಯೋ ಇರುವಾತನು ಆ ಸಂಸ್ಥೆಯಲ್ಲಿರುವ ಮಗುವಿನ ಮೇಲೆ ಎಸಗಿದ ಅಪರಾಧವನ್ನು ಅದರ 5 ಮತ್ತು 9ನೆಯ ಕಲಮುಗಳು ಹೆಚ್ಚು ಘೋರವಾದುದೆಂದು ಗಣಿಸುತ್ತವೆ. ಅಪರಾಧ ನಡೆದಿದೆಯೆಂದು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸತಕ್ಕದ್ದೆಂದು 19ನೆಯ ಕಲಮು ವಿಧಿಸುತ್ತದೆ. ತಿಳಿಸದವರಿಗೆ 21ನೆಯ ಕಲಮು ಶಿಕ್ಷೆಯನ್ನು ಹೇಳುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟ ವಯಸ್ಕರಿಗೆ 22ನೆಯ ಕಲಮಿನಲ್ಲಿ ಶಿಕ್ಷೆಯುಂಟು. ಆಪಾದಿತನ ಮಾನದ ರಕ್ಷಣೆಯನ್ನು ಕಾಯಿದೆ ಮರೆತಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಾಯಿದೆಗೂ ಆಚರಣೆಗೂ ಇರುವ ಅಂತರವನ್ನು ಕರ್ನಾಟಕವು ಚಿತ್ರದುರ್ಗದ ಪ್ರಕರಣದಲ್ಲಿ ಕಂಡಿತು. ಮುರುಘಾ ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಇಬ್ಬರು ಬಾಲಕಿಯರು ತಮ್ಮ ಊರನ್ನು ಬಿಟ್ಟು ಮೈಸೂರಿನ ಒಡನಾಡಿ ಸಂಸ್ಥೆಯ ಆಶ್ರಯಕ್ಕೆ ಬಂದ ಮೇಲೆಯೇ, 2022ರ ಆಗಸ್ಟ್ 26ರಂದು ಮೈಸೂರಿನಲ್ಲಿ ದೂರು ದಾಖಲಾಯಿತು. ಪೀಠಾಧಿಪತಿ ಶಿವಮೂರ್ತಿ ಮುರುಘಾ ಶರಣರ ಬಂಧನವಾದುದು ಸೆಪ್ಟೆಂಬರ್ 1ರಂದು. 2023ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಜಾಮೀನು ನೀಡಿತು. 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುಖ್ಯ ಸಾಕ್ಷಿಗಳ ವಿಚಾರಣೆ ನಡೆಯುವವರೆಗೆ ಅವರು ಬಂಧನದಲ್ಲಿರಬೇಕೆಂದು ಆಜ್ಞಾಪಿಸಿತು. ಕೊನೆಗೆ 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯವು ಆ ಪ್ರಕರಣದಲ್ಲಿ ಅವರನ್ನು ದೋಷಮುಕ್ತರೆಂದು ಸಾರಿತು.

ಈ ತೀರ್ಪನ್ನು ನಾವು ಇಲ್ಲಿ ವಿಮರ್ಶಿಸುವುದಿಲ್ಲ. ಗಮನಿಸತಕ್ಕ ಅಂಶ ಬೇರೊಂದುಂಟು. ಮಗುವಿನ ಸಾಕ್ಷ್ಯವನ್ನು 30 ದಿನಗಳೊಳಗೆ ದಾಖಲಿಸಿ, ವಿಚಾರಣೆಯನ್ನು ಸಾಧ್ಯವಾದಮಟ್ಟಿಗೆ ಒಂದು ವರ್ಷದಲ್ಲಿ ಮುಗಿಸಬೇಕೆಂದು 35ನೆಯ ಕಲಮು ಹೇಳುತ್ತಿರಲು, ಇಲ್ಲಿ ದೂರಿನಿಂದ ತೀರ್ಪಿನವರೆಗೆ ಮೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿತು. ಅಷ್ಟು ಕಾಲ ಬಾಲಕಿಯರು ಅನಿಶ್ಚಯದಲ್ಲಿ ಬೆಳೆದರು. ಕೊನೆಗೆ ದೋಷಮುಕ್ತರಾದವರು ಅಷ್ಟೇ ಕಾಲ ಆಪಾದನೆಯನ್ನು ಹೊತ್ತರು. ವಿಳಂಬದಿಂದ ಉಭಯ ಪಕ್ಷಕ್ಕೂ ಹಾನಿಯೇ.

ನೆರೆಯ ಕೇರಳದ ಕೊಟ್ಟಿಯೂರಿನ ಪ್ರಕರಣವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ಬಾಲಕಿಯೊಬ್ಬಳು ಗರ್ಭಿಣಿಯಾದಾಗ ಆಕೆಯ ತಂದೆಯ ಮೇಲೆಯೇ ತಪ್ಪನ್ನು ಹೊರಿಸುವ ಪ್ರಯತ್ನ ನಡೆಯಿತು. 2017ರ ಫೆಬ್ರುವರಿಯಲ್ಲಿ ಚರ್ಚಿನ ಧರ್ಮಗುರುಗಳ ಬಂಧನವಾಯಿತು. ವಿಚಾರಣೆಯಲ್ಲಿ ಬಾಲಕಿಯೂ ಮನೆಯವರೂ ಪ್ರತಿಕೂಲ ಸಾಕ್ಷಿಗಳಾದರು. ಆದರೂ ಜನನದ ದಾಖಲೆ ಮತ್ತು ಡಿ.ಎನ್.ಎ. ಪರೀಕ್ಷೆಗಳ ಬಲದಿಂದ 2019ರಲ್ಲಿ ತಲಶ್ಶೇರಿಯ ನ್ಯಾಯಾಲಯವು 20 ವರ್ಷಗಳ ಶಿಕ್ಷೆ ವಿಧಿಸಿತು. 2021ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು 10 ವರ್ಷಗಳಿಗೆ ಇಳಿಸಿತು. ಬಾಯಿಮಾತನ್ನು ಒತ್ತಡದಿಂದ ಬದಲಾಯಿಸಬಹುದು. ಸಕಾಲದಲ್ಲಿ ಸಂಗ್ರಹಿಸಿದ ವೈಜ್ಞಾನಿಕ ಸಾಕ್ಷ್ಯವನ್ನು ಬದಲಾಯಿಸುವುದು ಸುಲಭವಲ್ಲ.

ಇಂತಹ ದೂರುಗಳನ್ನು ಸಂಸ್ಥೆಯ ಹಿರಿಯರೇ ಒಳಗೊಳಗೆ ಇತ್ಯರ್ಥಪಡಿಸಲಿ ಎಂಬ ಸಲಹೆಯೂ ಕೇಳಿಬರುತ್ತದೆ. ಅದರ ಪರಿಣಾಮವನ್ನು ಲೋಕವು ಕಂಡಿದೆ. ಆಪಾದಿತ ಪಾದ್ರಿಗಳನ್ನು ಒಂದೆಡೆಯಿಂದ ಮತ್ತೊಂದೆಡೆಗೆ ವರ್ಗಾಯಿಸಿ ದೂರನ್ನು ಮುಚ್ಚಿದ ಸಂಗತಿ 2002ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬಯಲಾಯಿತು. ಆಸ್ಟ್ರೇಲಿಯದ ರಾಜ ಆಯೋಗವು 2013ರಿಂದ 2017ರವರೆಗೆ ವಿಚಾರಣೆ ನಡೆಸಿ, ಮತಸಂಸ್ಥೆಗಳಲ್ಲಿ ಮಾತ್ರವಲ್ಲದೆ ಇತರ ಸಂಸ್ಥೆಗಳಲ್ಲಿಯೂ ಇದೇ ಬಗೆಯ ಲೋಪಗಳನ್ನು ಕಂಡಿತು. ತನ್ನ ಕೀರ್ತಿಯನ್ನು ಕಾಪಾಡಿಕೊಳ್ಳಬೇಕಾದವರು ತಮ್ಮ ಮೇಲಣ ದೂರಿಗೆ ತಾವೇ ನ್ಯಾಯಾಧಿಪತಿಗಳಾಗುವುದು ಯಾವ ಧರ್ಮನ್ಯಾಯಕ್ಕೂ ಒಪ್ಪತಕ್ಕದ್ದಲ್ಲ.

ಹೀಗಿರಲು ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ದೂರು ಬಂದ ದಿನವೇ ಅದನ್ನು ದಾಖಲಿಸಬೇಕು, ಮಗುವಿನ ವಸತಿಯನ್ನೂ ವಿದ್ಯಾಭ್ಯಾಸವನ್ನೂ ಆಪಾದಿತರ ಅಧೀನದಿಂದ ಒಡನೆ ಬಿಡಿಸಿ ಬೇರೆಡೆ ಏರ್ಪಡಿಸಬೇಕು, ವೈದ್ಯಕೀಯ ಮತ್ತು ಲಿಖಿತ ಸಾಕ್ಷ್ಯಗಳನ್ನು ತಡಮಾಡದೆ ವಶಪಡಿಸಿಕೊಳ್ಳಬೇಕು, ಮಗುವಿನ ಗುರುತು ಎಲ್ಲಿಯೂ ಹೊರಬೀಳದಂತೆ ನೋಡಿಕೊಳ್ಳಬೇಕು. ಅಧ್ಯಾಪಕರಿಗೂ ಒಂದು ಮಾತು. ವಿದ್ಯಾರ್ಥಿಯೊಬ್ಬನು ಇಂತಹ ಸಂಗತಿಯನ್ನು ನಮ್ಮೆದುರು ಹೇಳಿದರೆ, ಅದನ್ನು ಪರೀಕ್ಷಿಸಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಪೊಲೀಸರಿಗಾಗಲಿ, 1098ರ ಮಕ್ಕಳ ಸಹಾಯವಾಣಿಗಾಗಲಿ ತಿಳಿಸುವ ಕರ್ತವ್ಯ ಮಾತ್ರ ಉಂಟು. ನಿರ್ದೋಷಿಗಳಾದ ಗುರುಗಳಿಗೆ ನಿಷ್ಪಕ್ಷಪಾತವಾದ ತನಿಖೆಯಿಂದ ಕಳಂಕ ತೊಳೆಯುತ್ತದೆ. ದೋಷಿಗಳಿದ್ದಲ್ಲಿ ಮುಂದಿನ ಮಗು ಉಳಿಯುತ್ತದೆ.